ಯಾವ ತಾಲ್ಲೂಕಿನ ಡ್ರೈವರ್ ಕೆಟ್ಟವನು?



ಈಚೆಗೆ ಕೆಚ್ಚಲು ಬಾವಿನ ತರಬೇತಿಗೆಂದು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳ ಮಹಿಳಾ ಸಂಘಗಳಿಂದ ಕೆಲವರು ಒಂದೆಡೆ ಸೇರಿದ್ದಿರಿ. ಊಟದ ಹೊತ್ತಿಗೆ ಕೆಚ್ಚಲು ಬಾವು ಹಿಂದೆ ಬಿದ್ದು ಮಾತು ರಸ್ತೆಗೆ ಬಂತು. ಸಾಗರದ ಅಕ್ಕ ಒಬ್ಬರು, "ಜೋಗ ನೋಡೋಕೆ ಬರೋ ಕಾರಿನವರಷ್ಟು ಕೆಟ್ಟೋರು ಎಲ್ಲೂ ಇಲ್ಲ" ಎಂದರು. ಹೊಸನಗರದವರು ಬಿಡಲಿಲ್ಲ. "ನಮ್ಮೂರ ಹುಡುಗರ ಬೈಕು ನೋಡಿ, ಆಮೇಲೆ ಮಾತಾಡಿ." ತೀರ್ಥಹಳ್ಳಿಯವರದು ಇನ್ನೊಂದು. "ಬೆಳಗಿನ ಜಾವ ಘಾಟಿ ಬಸ್ಸು ಬರೋ ಹೊತ್ತಿಗೆ ನಮ್ಮ ರಸ್ತೆ ದಾಟಿ ನೋಡಿ!" ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿ, "ಮೂರೂ ಕಡೆ ಓಡಾಡೋರು ನೀವು, ನೀವೇ ಹೇಳಿ ಡಾಕ್ಟ್ರೇ" ಎಂದಿರಿ. ಅಂದು ನಕ್ಕು ಸುಮ್ಮನಾಗಿದ್ದೆ. ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೆಟ್ಟ ಡ್ರೈವರ್ ಯಾವ ತಾಲ್ಲೂಕಿಗೂ ಸೇರಿದವನಲ್ಲ. ಒಂದೊಂದು ರಸ್ತೆ ಒಂದೊಂದು ಬಗೆಯ ತಪ್ಪನ್ನು ಮಾಡಿಸುತ್ತದೆ. ನಿಮ್ಮ ಮನೆ ಮುಂದಿನ ರಸ್ತೆ ಯಾವ ತಪ್ಪನ್ನು, ದಿನದ ಯಾವ ಹೊತ್ತಿನಲ್ಲಿ ಮಾಡಿಸುತ್ತದೆ ಎಂದು ತಿಳಿದರೆ ನೀವೂ ಉಳಿಯುತ್ತೀರಿ, ನಿಮ್ಮ ದನವೂ ಉಳಿಯುತ್ತದೆ.

ಸಾಗರ: ನೇರ ರಸ್ತೆಯ ವೇಗ

ಬೆಂಗಳೂರು–ಹೊನ್ನಾವರ ರಸ್ತೆಯನ್ನು ನಾವೆಲ್ಲ ಬಿ.ಎಚ್. ರಸ್ತೆ ಎಂದೇ ಕರೆಯುತ್ತೇವೆ. ಆನಂದಪುರದಿಂದ ಸಾಗರ, ತಾಳಗುಪ್ಪದವರೆಗೆ ಮಲೆನಾಡಿನ ಮಟ್ಟಿಗೆ ಇದು ಅಗಲವಾದ, ನೇರವಾದ ರಸ್ತೆ. ಅಗಲ ರಸ್ತೆ ಸಿಕ್ಕ ಕೂಡಲೇ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಜೋಗ ತುಂಬಿ ಬೀಳುವಾಗ ಶನಿವಾರ, ಭಾನುವಾರ ಬಂದವರು ಸಂಜೆ ಐದರಿಂದ ಏಳರ ನಡುವೆ ಊರಿಗೆ ಹೊರಡುತ್ತಾರೆ. ಅದೇ ಹೊತ್ತಿಗೆ ನೀವು ಕ್ಯಾನು ಹಿಡಿದು ಡೇರಿಗೆ ಹೊರಡುತ್ತೀರಿ, ದನಗಳು ಮೇವು ಮುಗಿಸಿ ಮನೆ ಕಡೆ ಬರುತ್ತವೆ.

ತುಮರಿ, ಬ್ಯಾಕೋಡು ಕಡೆಯ ಸಹೋದರಿಯರಿಗೆ ಇನ್ನೂ ಒಂದು ಮಾತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಶರಾವತಿ ಹಿನ್ನೀರಿನ ಮೇಲೆ ಸುಮಾರು 2.4 ಕಿ.ಮೀ. ಉದ್ದದ ಸೇತುವೆ. ಹೆರಿಗೆಗೆ, ಆಸ್ಪತ್ರೆಗೆ, ಕಾಲೇಜಿಗೆ ಲಾಂಚ್ ಕಾದು ಸಾಕಾಗಿದ್ದವರಿಗೆ ಅದು ಎಂಥ ನೆಮ್ಮದಿ ಎಂದು ನನಗೆ ಗೊತ್ತು. ನಾನೂ ಔಷಧಿ ಪೆಟ್ಟಿಗೆ ಹಿಡಿದು ಆ ದಂಡೆಯಲ್ಲಿ ಕಾದಿದ್ದೇನೆ. ಆದರೆ ಲಾಂಚ್ ಇದ್ದಾಗ ಸಾಗರದ ಕಡೆಯಿಂದ ವಾಹನಗಳು ಗುಂಪು ಗುಂಪಾಗಿ ಬರುತ್ತಿದ್ದವು. ಒಂದು ಗುಂಪು ಹೋದರೆ ಮುಂದಿನ ಲಾಂಚಿನವರೆಗೆ ರಸ್ತೆ ಖಾಲಿ. ಸಂಜೆಯಾದರೆ ಲಾಂಚ್ ನಿಲ್ಲುತ್ತಿತ್ತು. ನಿಮ್ಮ ದನಗಳು ಆ ಲೆಕ್ಕಕ್ಕೇ ಒಗ್ಗಿಕೊಂಡಿವೆ. ಈಗ ಯಾವ ಹೊತ್ತಿಗಾದರೂ ಕಾರು ಬರುತ್ತದೆ ಎಂದು ಅವಕ್ಕೆ ಯಾರು ಹೇಳಬೇಕು?

ಹೊಸನಗರ: ಗೊತ್ತಿರುವ ತಿರುವು

ಹೊಸನಗರದ ರಸ್ತೆಗಳು ಕಿರಿದು. ಒಂದು ಕಡೆ ತೋಟದ ಬೇಲಿ, ಇನ್ನೊಂದು ಕಡೆ ದರೆ, ಮುಂದೆ ತಿರುವು. ಇಲ್ಲಿ ತಪ್ಪು ಮಾಡುವವರು ಹೆಚ್ಚಾಗಿ ಹೊರಗಿನವರಲ್ಲ, ನಾವೇ. "ಈ ರಸ್ತೆ ನಂಗೆ ಗೊತ್ತು, ಎದುರಿಗೆ ಯಾರು ಬರ್ತಾರೆ?" ಎಂಬ ಧೈರ್ಯದಲ್ಲಿ ತಿರುವಿನಲ್ಲೂ ರಸ್ತೆಯ ನಡುವೆಯೇ ಓಡಿಸುತ್ತೇವೆ. ರಿಪ್ಪನ್‌ಪೇಟೆಯಲ್ಲಿ ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ದಾರಿಗಳು ಸೇರುತ್ತವೆ. ಅಲ್ಲಿ ಎಚ್ಚರವಾಗಿದ್ದವನೇ ಎರಡು ಕಿ.ಮೀ. ದಾಟುವುದರೊಳಗೆ ಮೈಮರೆಯುತ್ತಾನೆ. ಇಲ್ಲಿ ಅಪಾಯಕ್ಕೆ ವಾರ, ತಿಂಗಳು ಎಂದಿಲ್ಲ. ಪ್ರತಿದಿನದ ಮುಸ್ಸಂಜೆಯೇ ಅಪಾಯ.

ತೀರ್ಥಹಳ್ಳಿ: ಘಾಟಿ ದಾಟಿದವನ ಆಯಾಸ

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳು. ಘಾಟಿಯೊಳಗೆ ಡ್ರೈವರುಗಳು ಒಬ್ಬರಿಗೊಬ್ಬರು ದಾರಿ ಬಿಟ್ಟು ನಿಧಾನವಾಗಿಯೇ ಹತ್ತುತ್ತಾರೆ. ತೊಂದರೆ ಮೇಲೆ ಬಂದ ಮೇಲೆ. ತಡೆದುಕೊಂಡಿದ್ದ ಅವಸರವೆಲ್ಲ ಮೇಗರವಳ್ಳಿ ಕಡೆಯ ರಸ್ತೆಯಲ್ಲಿ ಹೊರಬರುತ್ತದೆ. ಇನ್ನು ಬೆಂಗಳೂರಿನಿಂದ ಕರಾವಳಿಗೆ ಹೋಗುವ ರಾತ್ರಿ ಬಸ್ಸುಗಳು ಬೆಳಗಿನ ಜಾವ ಈ ಸೀಮೆ ದಾಟುತ್ತವೆ. ಮನುಷ್ಯನಿಗೆ ನಿದ್ದೆ ಒತ್ತಿ ಬರುವುದೂ ಅದೇ ಹೊತ್ತಿನಲ್ಲಿ. ನೀವು ಕೊಟ್ಟಿಗೆ ದೀಪ ಹಾಕುವುದೂ ಆಗಲೇ. ಮೇಲೆ ಮಂಜು ಬೇರೆ.

ಮಳೆಗಾಲದಲ್ಲಿ ಆಗುಂಬೆಯಲ್ಲಿ ಭಾರಿ ವಾಹನಗಳನ್ನು ನಿಷೇಧಿಸಿದರೆ ಲಾರಿಗಳು ಹುಲಿಕಲ್ ಘಾಟಿ ಹಿಡಿಯುತ್ತವೆ. ಆಗ ಮಾಸ್ತಿಕಟ್ಟೆ, ಯಡೂರು ಕಡೆಯವರಿಗೆ ತಮ್ಮದಲ್ಲದ ವಾಹನಗಳ ಹೊರೆ ಬೀಳುತ್ತದೆ. ಪತ್ರಿಕೆಯಲ್ಲಿ ಆಗುಂಬೆ ನಿಷೇಧದ ಸುದ್ದಿ ಓದಿದ ದಿನವೇ ಹುಲಿಕಲ್ ದಾರಿಯವರು ದನ ಬಿಡುವ ಹೊತ್ತನ್ನು ಬದಲಿಸಿಕೊಳ್ಳಬೇಕು.

ಬೆಂಗಳೂರಿನಲ್ಲಿರುವ ಮಕ್ಕಳು ಫೋನಿನಲ್ಲಿ ಟ್ರಾಫಿಕ್ ಬಗ್ಗೆ ಗೋಳಾಡುವುದನ್ನು ನೀವು ಕೇಳಿರುತ್ತೀರಿ. ಟಾಮ್‌ಟಾಮ್ ಸಂಸ್ಥೆಯ 2023ರ ಲೆಕ್ಕದ ಪ್ರಕಾರ ಬೆಂಗಳೂರಿನ ಒಳಗೆ 10 ಕಿ.ಮೀ. ಹೋಗಲು 28 ನಿಮಿಷ ಬೇಕಾಗಿತ್ತು. ತಲೆ ಕೆಡುವುದು ನಿಜ, ಆದರೆ ಆ ವೇಗದಲ್ಲಿ ಗುದ್ದಿದರೆ ಏಟು ಸಣ್ಣದು. ನಮ್ಮಲ್ಲಿ ರಸ್ತೆ ಖಾಲಿ, ತಲೆನೋವಿಲ್ಲ. ಖಾಲಿ ರಸ್ತೆಯ ಏಟು ಮಾತ್ರ ದೊಡ್ಡದು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು.

ನನ್ನದೇ ತಪ್ಪು

ಬೇರೆಯವರ ಬಗ್ಗೆ ಇಷ್ಟು ಬರೆದ ಮೇಲೆ ನನ್ನ ಮಾತನ್ನೂ ಹೇಳಬೇಕು. ಒಂದು ಜುಲೈ ಸಂಜೆ ರಿಪ್ಪನ್‌ಪೇಟೆ ದಾಟಿ ಹೊಸನಗರದ ಕಡೆ ಹೋಗುತ್ತಿದ್ದೆ. ಕರು ಅಡ್ಡ ಸಿಕ್ಕಿಕೊಂಡಿದೆ, ಹಸು ಮಧ್ಯಾಹ್ನದಿಂದ ತಿಣುಕುತ್ತಿದೆ ಎಂದು ಕರೆ ಬಂದಿತ್ತು. ಜೋರು ಮಳೆ. ನೂರು ಸಲ ಓಡಾಡಿದ ತಿರುವು. ನಾನೂ ರಸ್ತೆಯ ನಡುವೆಯೇ ಇದ್ದೆ. ತಿರುಗಿದ ಕೂಡಲೇ ಎದುರಿಗೆ ಕಪ್ಪು ಕೊಡೆ. ಬ್ರೇಕ್ ಒತ್ತಿದೆ, ಕಾರು ಜಾರಿ ಅಡ್ಡಡ್ಡ ನಿಂತಿತು. ಆ ಅಕ್ಕ ಚರಂಡಿಗೆ ಹಾರಿಕೊಂಡಿದ್ದರು. ಕ್ಯಾನು ಉರುಳಿ ಆ ಸಂಜೆಯ ಹಾಲೆಲ್ಲ ಮಳೆನೀರಿನ ಜೊತೆ ಹೋಯಿತು. ಟಾರ್ಚ್ ಬೆಳಕಿನಲ್ಲಿ ನನ್ನ ಮುಖ ನೋಡಿದ ಅವರು ಅಂದದ್ದು ಒಂದೇ ಮಾತು. "ನೀವಾ ಡಾಕ್ಟ್ರೇ?"

ಅವರ ಮಂಡಿ ತರಚಿತ್ತು, ಬೇರೆ ಪೆಟ್ಟಾಗಿರಲಿಲ್ಲ. ಅಂದು ಕರು ಬದುಕಿತು, ಹಸುವೂ ಉಳಿಯಿತು. ಮರುದಿನ ಅವರ ಮನೆಗೆ ಹೋಗಿ ಹಾಲಿನ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಕಾಫಿ ಕೊಟ್ಟು, "ನಾನು ನಿಮ್ಗೆ ಕಾಣ್ಲೇ ಇಲ್ವಾ?" ಎಂದು ಕೇಳಿದರು. ಇಲ್ಲ ಅಕ್ಕ, ಕಾಣಲಿಲ್ಲ. ಕಪ್ಪು ಕೊಡೆ, ಕಡುನೀಲಿ ಸೀರೆ, ಕಪ್ಪು ರಸ್ತೆ. ಆದರೆ ಕಾಣದಷ್ಟು ಜೋರಾಗಿ ಬಂದದ್ದು ನನ್ನ ತಪ್ಪು.

ಲೆಕ್ಕ ಹೀಗಿದೆ. ಗಂಟೆಗೆ 60 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಒದ್ದೆ ರಸ್ತೆಯಲ್ಲಿ ಅದು ಪೂರ್ತಿ ನಿಲ್ಲಲು 50 ಮೀಟರಿಗೂ ಹೆಚ್ಚು ಬೇಕು. ಡಿಮ್ ಲೈಟಿನಲ್ಲಿ ಕಪ್ಪು ವಸ್ತು ಕಾಣುವುದು ಹೆಚ್ಚೆಂದರೆ 40 ಮೀಟರಿನಿಂದ. ಅಂದರೆ ಕಂಡ ಮೇಲೆ ಬ್ರೇಕ್ ಹಾಕಿದರೂ ತಡವಾಗಿರುತ್ತದೆ. 40ರ ವೇಗದಲ್ಲಿ ಸುಮಾರು 30 ಮೀಟರಿಗೇ ನಿಲ್ಲುತ್ತದೆ. ನಿಮ್ಮ ಮನೆಯಲ್ಲಿ ಬೈಕು ಓಡಿಸುವ ಮಗನಿಗೆ, ಸಂಘದ ಹಾಲಿನ ಗಾಡಿಯವರಿಗೆ ಈ ಲೆಕ್ಕ ಹೇಳಿ. ನಾನು ಅಂದಿನಿಂದ ಮಳೆಯಲ್ಲಿ 40 ದಾಟಿಲ್ಲ.

ದನ ರಸ್ತೆಗೆ ಏಕೆ ಬರುತ್ತದೆ?

ಮಳೆಗಾಲದಲ್ಲಿ ಬ್ಯಾಣವೆಲ್ಲ ಕೆಸರು, ಉಂಬಳ, ನೊಣ. ಟಾರು ರಸ್ತೆಯಲ್ಲಿ ನೀರು ನಿಲ್ಲುವುದಿಲ್ಲ, ಬಿಸಿಲು ಬಂದರೆ ಬೇಗ ಬೆಚ್ಚಗಾಗುತ್ತದೆ, ಗಾಳಿಯೂ ಆಡುತ್ತದೆ. ಮೆಲುಕು ಹಾಕಲು ದನ ಒಣಗಿದ ಜಾಗ ಹುಡುಕುತ್ತದೆ, ರಸ್ತೆಯಲ್ಲಿ ಮಲಗುತ್ತದೆ. ದನದ ಕಣ್ಣು ಬೆಳಕಿಗೆ ಹೊಳೆಯುತ್ತದೆ ನಿಜ, ಆದರೆ ಅದು ಕಾರಿನ ಕಡೆ ಮುಖ ಮಾಡಿದ್ದರೆ ಮಾತ್ರ. ಬೆನ್ನು ಹಾಕಿ ಮಲಗಿದ ಕಪ್ಪು ಮಲೆನಾಡು ಗಿಡ್ಡ ಕಾಣುವುದೇ ಇಲ್ಲ. ಬೈಕಿನವನು ಅದಕ್ಕೆ ಗುದ್ದಿದರೆ ದನದ ಜೊತೆ ಯಾರದೋ ಮನೆಯ ಮಗನೂ ಹೋಗಬಹುದು. ದನವನ್ನು ಬೇಜವಾಬ್ದಾರಿಯಿಂದ ಬಿಟ್ಟು ಜನರಿಗೆ ಅಪಾಯವಾದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಅದು ಅಪರಾಧ ಎಂಬುದೂ ನೆನಪಿರಲಿ.

ಹಾರ್ನ್ ಸದ್ದೂ ದನಕ್ಕೆ ಕಷ್ಟವೇ. ನಮಗೆ ಕೇಳದಷ್ಟು ತೀಕ್ಷ್ಣ ಸ್ವರಗಳೂ ಅದಕ್ಕೆ ಕೇಳುತ್ತವೆ. ಕರೆಯುವ ಹೊತ್ತಿಗೆ ಬೆದರಿದರೆ ಹಾಲು ಇಳಿಸುವ ರಸದ ಕೆಲಸ ನಿಂತು ಹಸು ಹಾಲನ್ನು ತಡೆದುಕೊಳ್ಳುತ್ತದೆ. ಕೆಚ್ಚಲಲ್ಲಿ ಹಾಲು ಉಳಿದರೆ ಬಾವಿಗೆ ದಾರಿ. ರಸ್ತೆ ಪಕ್ಕದ ಮನೆಯವರು ಹಸುವನ್ನು ಮನೆಯ ಹಿಂಬದಿಗೆ ಕಟ್ಟಿ ಕರೆಯಿರಿ.

ನೀವು ಮಾಡಬಹುದಾದದ್ದು

ಮುಸ್ಸಂಜೆಗೆ ಅರ್ಧ ಗಂಟೆ ಮುಂಚೆ, ದಿನವೂ ಒಂದೇ ಹೊತ್ತಿಗೆ, ಕೊಟ್ಟಿಗೆಯಲ್ಲಿ ಒಂದು ಬೊಗಸೆ ಹಿಂಡಿ ಇಡಿ. ಕೆಲವೇ ದಿನಗಳಲ್ಲಿ ದನ ತಾನಾಗಿ ಆ ಹೊತ್ತಿಗೆ ಮನೆಗೆ ಬರುತ್ತದೆ. ಕೊಟ್ಟಿಗೆಯಲ್ಲಿ ದರಕು ಹಾಸಿ ಒಣಗಿದ ಜಾಗ ಮಾಡಿ. ರಾತ್ರಿ ಉಣುಗೋಲು ಹಾಕಿದೆಯೇ ಎಂದು ಮಲಗುವ ಮುಂಚೆ ಒಮ್ಮೆ ನೋಡಿ.

ಬೆಳಕಿಗೆ ಹೊಳೆಯುವ ಪಟ್ಟಿ ಪೇಟೆಯಲ್ಲಿ ಸಿಗುತ್ತದೆ. ದನದ ಕೊರಳಿಗೆ ಎರಡು ಬೆರಳು ಆಡುವಷ್ಟು ಸಡಿಲವಾಗಿ ಕಟ್ಟಿ. ಅದೇ ಪಟ್ಟಿಯನ್ನು ಹಾಲಿನ ಕ್ಯಾನಿಗೂ ಕೊಡೆಗೂ ಅಂಟಿಸಿ. ಡೇರಿಗೆ ಹೋಗುವಾಗ ರಸ್ತೆಯ ಬಲಬದಿಯಲ್ಲಿ, ಎದುರಿನಿಂದ ಬರುವ ವಾಹನ ಕಾಣುವ ಹಾಗೆ ನಡೆಯಿರಿ. ಟಾರ್ಚ್ ಕೈಯಲ್ಲಿರಲಿ.

ಡೇರಿ ಮುಂದಿನ ಸಾಲು ರಸ್ತೆಗೆ ಬರುತ್ತಿದ್ದರೆ ಸಂಘದ ಸಭೆಯಲ್ಲಿ ಎದ್ದು ಕೇಳಿ. ಸಾಲನ್ನು ಒಳಗೆ ತಿರುಗಿಸಲು, ಎಚ್ಚರಿಕೆ ಫಲಕ ಹಾಕಿಸಲು, ದೀಪ ಕೇಳಿ ಪಂಚಾಯಿತಿಗೆ ಬರೆಯಲು ಒಂದು ಠರಾವು ಸಾಕು.

ಅಪಘಾತವೇ ಆದರೆ

ದನಕ್ಕೆ ಪೆಟ್ಟಾಗಿ ಬಿದ್ದಿದ್ದರೆ ಕಾಲು ಹಿಡಿದು ಎಳೆಯಬೇಡಿ, ಬಲವಂತವಾಗಿ ಎಬ್ಬಿಸಬೇಡಿ. ಬಾಯಿಗೆ ನೀರು ಹೊಯ್ಯಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ರಕ್ತ ಬರುವಲ್ಲಿ ಶುದ್ಧ ಬಟ್ಟೆ ಒತ್ತಿ ಹಿಡಿಯಿರಿ. ಒಂದೇ ಮಗ್ಗುಲಿಗೆ ಮಲಗಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ಕಾಲು, ಬೆನ್ನು ಮುರಿದಂತೆ ಕಾಣದಿದ್ದರೆ ಮೆಲ್ಲಗೆ ಎದೆಯ ಮೇಲೆ ಕೂರುವ ಹಾಗೆ ಮಾಡಿ, ಪಕ್ಕಕ್ಕೆ ಹುಲ್ಲಿನ ಕಟ್ಟು ಕೊಡಿ. ನಮಗೆ ಅಥವಾ 1962ಕ್ಕೆ ಕರೆ ಮಾಡಿ.

ವಾಹನದ ನಂಬರ್ ಬರೆದುಕೊಳ್ಳಿ, ಪೊಲೀಸರಿಗೆ ದೂರು ಕೊಡಿ. ವಿಮೆ ಇದ್ದರೆ ಅಂದೇ ತಿಳಿಸಿ. ದನ ಸತ್ತರೆ ಕಿವಿಯ ಓಲೆ ಕಾಣುವ ಹಾಗೆ ಫೋಟೋ ತೆಗೆಯಿರಿ, ಮರಣೋತ್ತರ ಪರೀಕ್ಷೆಗೆ ಮುಂಚೆ ಹೂಳಬೇಡಿ. ಓಲೆ ಇಲ್ಲದಿದ್ದರೆ ವಿಮೆ ಹಣ ಬರುವುದಿಲ್ಲ. ಓಲೆ ಬಿದ್ದುಹೋಗಿದ್ದರೆ ಇಂದೇ ಹೇಳಿ, ಹೊಸದು ಹಾಕುತ್ತೇವೆ.

ಮನುಷ್ಯರಿಗೆ ಪೆಟ್ಟಾದರೆ ಮೊದಲು 108 ಅಥವಾ 112. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಕೋರ್ಟು ಕಚೇರಿ ಅಲೆದಾಟ ಎಂಬ ಹೆದರಿಕೆ ಬೇಡ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ ಅವರಿಗೆ ರಕ್ಷಣೆ ಕೊಡುತ್ತದೆ. 2025ರ ಮೇ ತಿಂಗಳಿಂದ ಕೇಂದ್ರದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ಆಸ್ಪತ್ರೆಯಲ್ಲಿ ಕೇಳಿ.

ಇನ್ನು ಅಂದಿನ ಪ್ರಶ್ನೆಗೆ ಬರೋಣ. ಸಾಗರದವರು ವಾರದ ಕೊನೆಯ ಸಂಜೆಗೆ, ಹೊಸನಗರದವರು ಪ್ರತಿದಿನದ ಮುಸ್ಸಂಜೆಯ ತಿರುವಿಗೆ, ತೀರ್ಥಹಳ್ಳಿಯವರು ಬೆಳಗಿನ ಜಾವಕ್ಕೆ ಹೆದರಿ. ಮೂರೂ ಕಡೆಯವರು ತುರ್ತು ಕರೆಗೆ ಓಡುವ ಡಾಕ್ಟರಿಗೂ ಸ್ವಲ್ಪ ಹೆದರಿ. ಮುಂದಿನ ಸಲ ಕರೆ ಮಾಡುವಾಗ "ಬೇಗ ಬನ್ನಿ" ಎನ್ನುವ ಜೊತೆಗೆ "ನಿಧಾನ ಬನ್ನಿ" ಎಂದೂ ಹೇಳಿ. ಆ ಅಕ್ಕ ಈಗಲೂ ನನಗೆ ಹಾಗೆಯೇ ಹೇಳುತ್ತಾರೆ. ಅವರ ಕ್ಯಾನಿನ ಮೇಲೆ ಈಗ ಹೊಳೆಯುವ ಪಟ್ಟಿಯಿದೆ, ತಿರುವಿನ ಆಚೆಯಿಂದಲೇ ಕಾಣುತ್ತದೆ.