ಹುಳು ಹೋಗಿ ಕಣಜ ಬಂತು!

"ಹಿತ್ತಲ ಗಿಡದ ಕಂಬಳಿಹುಳುವಿನ ಬೆನ್ನಮೇಲೆ ಅಕ್ಕಿಕಾಳಿನಂಥ ಬಿಳಿ ಮೊಟ್ಟೆಗಳಿವೆ. ಮರಿಯಾಗುವ ಮೊದಲೇ ಸುಟ್ಟುಬಿಡಲೇ?" ಎಂದು ಓದುಗರೊಬ್ಬರು ಫೋಟೊ ಸಮೇತ ಕೇಳಿದ್ದಾರೆ. ಬೇಡಿ ಸ್ವಾಮಿ! ಕಂಬಳಿಹುಳು ಮೊಟ್ಟೆ ಇಡುವುದುಂಟೇ? ಅದೇ ಇನ್ನೂ ಕೂಸು.

ಅವು ಪುಟ್ಟ ಕಣಜದ ಗೂಡುಗಳು. ತಾಯಿ ಕಣಜ ಹುಳುವಿನ ಮೈಯೊಳಗೆ ಮೊಟ್ಟೆ ಚುಚ್ಚಿಟ್ಟು ಹೋಗಿರುತ್ತದೆ. ಮರಿಗಳು ಜೀವಂತ ಹುಳುವನ್ನೇ ಒಳಗಿಂದ ಉಂಡು, ಚರ್ಮ ಕೊರೆದು ಹೊರಬಂದು, ರೇಷ್ಮೆ ಸುತ್ತಿಕೊಂಡು ಮಲಗುತ್ತವೆ. ಕೃಷಿ ಕರಪತ್ರಗಳು ಹೇಳುವ 'ಪರತಂತ್ರ ಜೀವಿ' ಇದೇ. ರೈತನಿಗೆ ಕೂಲಿ ಕೇಳದ ಆಳು.

ಇದರ ನೆಂಟ, ಮಣ್ಣುಗೂಡಿನ ಕಣಜ, ಹುಳುವನ್ನು ಒಳಗಿಟ್ಟು ಮುಚ್ಚುತ್ತದೆ. ಕೆಲವು ದಿನಗಳಿಗೆ ಕಣಜ ಹೊರಬರುತ್ತದೆ. ಹುಳು ಕಣಜವನ್ನೇ ಧ್ಯಾನಿಸಿ ಕಣಜವಾಯಿತು ಎನ್ನುತ್ತದೆ ಭ್ರಮರ-ಕೀಟ ನ್ಯಾಯ. ವೇದಾಂತಕ್ಕೆ ಚೆಂದದ ಉಪಮೆ, ಒಪ್ಪಿದೆ. ಅದನ್ನೇ ಜೀವವಿಜ್ಞಾನವೆಂದು ವೇದಿಕೆಯಲ್ಲಿ ಬಿಗಿಯುವವರನ್ನು ಕಂಡರೆ ಮಾತ್ರ ನನಗೆ ರೇಗುತ್ತದೆ. ಹುಳು ಧ್ಯಾನ ಮಾಡಲಿಲ್ಲ, ಊಟವಾಯಿತು!

ಹಾಗಾದರೆ ಯಾವ ಹುಳುವಿಗೆ ಯಾವ ಕಣಜ? ಕೋಸ್ಟರಿಕಾದ ಗ್ವಾನಕಾಸ್ಟೆ ಕಾಡಿನಲ್ಲಿ ಡ್ಯಾನಿಯಲ್ ಜಾನ್ಜೆನ್, ವಿನ್ನಿ ಹಾಲ್ವಾಕ್ಸ್ ದಂಪತಿ ಊರವರನ್ನೇ ತರಬೇತುಗೊಳಿಸಿ ದಶಕಗಳ ಕಾಲ ಹುಳು ಸಾಕಿಸಿದ್ದಾರೆ. ಹುಳು ಯಾವ ಸೊಪ್ಪು ತಿಂತು, ಕೊನೆಗೆ ಚಿಟ್ಟೆ ಬಂತೋ ಕಣಜ ಬಂತೋ, ಎಲ್ಲಕ್ಕೂ ಲೆಕ್ಕ ಇಟ್ಟಿದ್ದಾರೆ. ಅಲ್ಲಿ ರೆಕ್ಕೆಯಲ್ಲಿ ಬಿಳಿ ಮಚ್ಚೆಯ ಒಂದು ಕರಿ ಕಣಜವಿದೆ, ಅಪಾಂಟೆಲಿಸ್ ಲ್ಯೂಕೋಸ್ಟಿಗ್ಮಸ್. ಅದು 32 ಬಗೆಯ ಹುಳುಗಳ ಮೇಲೆ ಬದುಕುವ ಒಂದೇ ಜಾತಿ ಎಂದೇ ಎಲ್ಲರ ನಂಬಿಕೆಯಾಗಿತ್ತು.

ಆಗ ಬಂತು ಡಿಎನ್‌ಎ ಬಾರ್‌ಕೋಡ್. ಕೆನಡಾದ ಪಾಲ್ ಹೀಬರ್ಟ್ 2003ರಲ್ಲಿ ಮುಂದಿಟ್ಟ ಉಪಾಯವಿದು: ಒಂದು ನಿರ್ದಿಷ್ಟ ಜೀನಿನ ಸುಮಾರು 650 'ಅಕ್ಷರ' ಓದಿ, ಬಿಸ್ಕತ್ತು ಪೊಟ್ಟಣದ ಗೆರೆಗಳ ಹಾಗೆ ಜಾತಿ ಗುರುತಿಸುವುದು. ಕಣಜದ ಒಂದು ಕಾಲು ಸಿಕ್ಕರೂ ಸಾಕು. 2008ರಲ್ಲಿ ಫಲಿತಾಂಶ ಹೊರಬಿತ್ತು. ಆ ಒಂದು ಜಾತಿ 36 ಆಗಿ ಒಡೆದಿತ್ತು! ಒಟ್ಟು 2,597 ಕಣಜಗಳಲ್ಲಿ ತಜ್ಞರ ಕಣ್ಣಿಗೆ ಕಂಡಿದ್ದು 171 ಜಾತಿ. ಬಾರ್‌ಕೋಡ್ ಇನ್ನೂ 142 ತೋರಿಸಿತು. ಶೇ. 90ಕ್ಕೂ ಹೆಚ್ಚಿನವು ಒಂದೆರಡು ಬಗೆಯ ಹುಳುಗಳನ್ನು ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ.

ಯಂತ್ರ ಹೇಳಿತೆಂದು ಇದನ್ನು ನಂಬಬೇಕಿಲ್ಲ. ಡಿಎನ್‌ಎ ಬೇರ್ಪಡಿಸಿದ ಗುಂಪುಗಳು ಊರವರು ಬರೆದಿಟ್ಟ ಹುಳುಗಳ ಲೆಕ್ಕಕ್ಕೆ ತಾಳೆಯಾದವು, ಅದೇ ದೊಡ್ಡ ಸಾಕ್ಷಿ. ಬೆಳೆಗೂ ಇದರ ಪಾಠವಿದೆ: ನೋಡಲು ಒಂದೇ ಥರ ಎಂದು ಯಾವುದೋ ಕಣಜ ತಂದುಬಿಟ್ಟರೆ, ಅದು ನಿಮ್ಮ ಹೊಲದ ಹುಳುವನ್ನು ಮೂಸಿಯೂ ನೋಡಲಿಕ್ಕಿಲ್ಲ.

ಆದ್ದರಿಂದ ಓದುಗರೇ, ಬೆಂಕಿಪೊಟ್ಟಣ ಒಳಗಿಡಿ. ಆ ಹುಳುವನ್ನು ಎಲೆ ಸಮೇತ ಬಾಟಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ. ಗಿಡದ ಹೆಸರು, ತಾರೀಖು ಬರೆದ ಚೀಟಿ ಅಂಟಿಸಲು ಮರೆಯಬೇಡಿ. ಕಣಜ ಹೊರಬಂದಾಗ ಕಣ್ತುಂಬ ನೋಡಿ, ಹಿತ್ತಲಿಗೇ ಬಿಟ್ಟುಬಿಡಿ. ಅದಕ್ಕೆ ಅಲ್ಲಿ ಕೆಲಸವಿದೆ.