ಎರಡು ಊರು, ಎರಡು ಮೀನಾ

ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಮೆಟ್ರೋ ಹತ್ತಿ ಅಮೀರ್‌ಪೇಟೆಗೆ ಹೊರಟವರ ಫೋನಿನಲ್ಲಿ ಏನಿರಬಹುದು? ರೀಲ್ಸ್ ಅಲ್ಲದಿದ್ದರೆ, ಒಂದು ಹಗುರ ಪ್ರೇಮಕಥೆ!

ತೆಲುಗಿನಲ್ಲಿ ಈ ರುಚಿ ಹತ್ತಿಸಿದವರಲ್ಲಿ ಮೊದಲ ಸಾಲಿನವರು ಯದ್ದನಪೂಡಿ ಸುಲೋಚನಾರಾಣಿ. ವಾರಪತ್ರಿಕೆಯ ಧಾರಾವಾಹಿಗಳಿಂದಲೇ ಮನೆಮಾತಾದವರು. ನಾಯಕನಿಗೆ ಕಾರು, ಆಸ್ತಿ. ನಾಯಕಿಗೆ ಬೆಟ್ಟದಷ್ಟು ಸ್ವಾಭಿಮಾನ. ಜಗಳ ಗ್ಯಾರಂಟಿ, ಮದುವೆಯೂ! ಅವರ ‘ಮೀನಾ’ ಕಾದಂಬರಿಯನ್ನು 1973ರಲ್ಲಿ ವಿಜಯನಿರ್ಮಲಾ ಸಿನಿಮಾ ಮಾಡಿದರು. 2016ರ ‘ಅ ಆ’ ಚಿತ್ರದಲ್ಲೂ ಅದೇ ಕಥೆಯ ಎಳೆ.

ಕನ್ನಡವೇನು ಕಡಿಮೆಯೇ? ವಾಣಿಯವರ ‘ಎರಡು ಕನಸು’ ಕಾದಂಬರಿ 1974ರಲ್ಲಿ ರಾಜ್‌ಕುಮಾರ್ ಚಿತ್ರವಾಯಿತು. ಇನ್ನು ಸಾಯಿಸುತೆಯ ಪುಸ್ತಕವಿಲ್ಲದ ಲೈಬ್ರರಿಯನ್ನು ಲೈಬ್ರರಿ ಅನ್ನೋದೇ ಕಷ್ಟ.

ಫಿಲಿಪ್ಪೀನ್ಸ್‌ನಲ್ಲೂ ಒಬ್ಬ ಮೀನಾ ಇದ್ದಾರೆ, ಆದರೆ ಲೇಖಕಿ! ಮೀನಾ ಎಸ್ಗೆರಾ ಅವರ ‘ಮೈ ಇಮ್ಯಾಜಿನರಿ ಎಕ್ಸ್’ ಬಂದದ್ದು 2009ರಲ್ಲಿ. 2013ರಲ್ಲಿ ‘ರೊಮಾನ್ಸ್‌ಕ್ಲಾಸ್’ ಶುರುಮಾಡಿ, ಹೊಸಬರಿಗೂ ಪ್ರೇಮಕಥೆ ಬರೆಯುವ ದಾರಿ ತೋರಿಸಿದರು. ಬರೆಯೋದು ಇಂಗ್ಲಿಷಿನಲ್ಲೇ, ಹಾಗಾಗಿ ನಾವೂ ಓದಬಹುದು.