ಮೂಳೆಯ ಬಲ: ಮಾತ್ರೆಗೆ ಮುನ್ನ ಮುದ್ದೆ



ವಯಸ್ಸಾದ ತಾಯಂದಿರು ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ ಸಂಗತಿಯನ್ನು ಹಲವು ಮನೆಗಳಲ್ಲಿ ಕೇಳುತ್ತೇವೆ. ಬಿದ್ದದ್ದು ಕ್ಷಣಮಾತ್ರದಲ್ಲಿ, ಮೂಳೆ ಸವೆಯುತ್ತ ಬಂದದ್ದು ಹಲವು ವರ್ಷಗಳಿಂದ. ಮುಟ್ಟು ನಿಂತ ಬಳಿಕ ಸ್ತ್ರೀಯರಲ್ಲಿ ಈ ಸವೆತ ವೇಗ ಪಡೆಯುತ್ತದೆ. ಆಗ ಮನೆಯವರೆಲ್ಲರ ದೃಷ್ಟಿ ಕ್ಯಾಲ್ಸಿಯಂ ಮಾತ್ರೆಯ ಡಬ್ಬಿಯತ್ತ ಹೊರಳುತ್ತದೆ. ಅದಕ್ಕೆ ಮುನ್ನ ಊಟದ ತಟ್ಟೆಯನ್ನೊಮ್ಮೆ ನೋಡಿಕೊಳ್ಳಬೇಕೆಂಬುದು ನನ್ನ ಬಿನ್ನಹ.

ಶ್ರೀರಂಗಪಟ್ಟಣಕ್ಕೆ ಕಾವೇರಿಯ ಹಳೆಯ ನಾಲೆಗಳಿದ್ದವು. 1930ರ ದಶಕದಲ್ಲಿ ಕನ್ನಂಬಾಡಿಯ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಪಾಂಡವಪುರದ ನೆಲಕ್ಕೂ ನೀರುಣಿಸಿತು. ಭತ್ತ, ಕಬ್ಬು ಹಬ್ಬಿದವು. ಹಬ್ಬಕ್ಕೆ ಮಾತ್ರವಿದ್ದ ಅನ್ನ ಎಷ್ಟೋ ಮನೆಗಳಲ್ಲಿ ನಿತ್ಯದ ಊಟವಾಯಿತು. ನಾಗಮಂಗಲ, ಕೃಷ್ಣರಾಜಪೇಟೆಗಳ ಬೆದ್ದಲು ಹೊಲಗಳಲ್ಲಿ ರಾಗಿ ಉಳಿಯಿತು. ಬಡವರ ಧಾನ್ಯವೆಂದು ಅದನ್ನು ಹಳಿದವರೂ ಉಂಟು! ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ 10 ಮಿಲಿಗ್ರಾಂನ ಆಸುಪಾಸು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಬೇಕೆಂದು ಹೇಳಿದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿದ್ದು ನಮ್ಮ ಜಿಲ್ಲೆಯಲ್ಲೇ ಎಂಬುದನ್ನು ಮಕ್ಕಳಿಗೆ ತಿಳಿಸಬೇಕು.

ಸತು, ತಾಮ್ರ, ಮ್ಯಾಂಗನೀಸ್‌ಗಳೂ ಅಲ್ಪ ಪ್ರಮಾಣದಲ್ಲಿ ಮೂಳೆಗೆ ಬೇಕು. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಖನಿಜಗಳನ್ನು ಹಿಡಿದಿಟ್ಟು ದೇಹಕ್ಕೆ ಪೂರ್ತಿ ದಕ್ಕಗೊಡದು. ನೆನೆಸಿ ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಆ ಹಿಡಿತ ಸಡಿಲುತ್ತದೆ. ಅಜ್ಜಿಯರು ಕೂಸಿಗೆ ಮೊಳಕೆ ರಾಗಿಯ ಸರಿ ಕುಡಿಸುತ್ತಿದ್ದುದರಲ್ಲಿ ಶಾಸ್ತ್ರವಿತ್ತು. ಜೊತೆಗೆ ಸಿಪ್ಪೆಸಹಿತವಾದ ಎಳ್ಳು, ನುಗ್ಗೆಸೊಪ್ಪು, ಮಜ್ಜಿಗೆ ಇರಲಿ. ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರಲು ಡಿ ಜೀವಸತ್ವ ಬೇಕು. ಅದಕ್ಕೆ ಮೈಗೆ ಬಿಸಿಲು ತಾಗಬೇಕು.

ಮಾತ್ರೆಯೇ ಬೇಡವೆಂದಲ್ಲ. ಮೂಳೆ ಸವೆದವರಿಗೆ ವೈದ್ಯರು ಬರೆದುಕೊಟ್ಟರೆ ತಪ್ಪದೆ ಸೇವಿಸಬೇಕು. ಮೂತ್ರಪಿಂಡದಲ್ಲಿ ಕಲ್ಲಿದ್ದವರು ಮಾತ್ರ ತಾವಾಗಿಯೇ ಕೊಂಡು ನುಂಗಬಾರದು. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ನಾಲ್ಕು ಗಂಟೆಯ ಅಂತರವಿರಲಿ. ಕಬ್ಬಿಣದ ಮಾತ್ರೆಯನ್ನೂ ಅದರೊಡನೆ ನುಂಗಬಾರದು.

ಬೆದ್ದಲು ಸೀಮೆಯವರಿಗೆ ಇನ್ನೊಂದು ಎಚ್ಚರಿಕೆ. ನಾಗಮಂಗಲದ ಕಡೆಯ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಲೆ ಮೂಡುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಬೆನ್ನು, ಮಂಡಿಗಳು ಬಿಗಿಯುತ್ತವೆ. ಅದನ್ನು ವಾತವೆಂದು ಭಾವಿಸಿ ಎಣ್ಣೆ ತಿಕ್ಕುತ್ತ ಕೂರುವವರಿದ್ದಾರೆ. ನೀರನ್ನು ಪರೀಕ್ಷೆಗೆ ಕೊಡಿ. ಕಾಯಿಸಿದರೆ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ.